ನಗೆಯ ಒಡೆತನ: ವೈಜ್ಞಾನಿಕ ಹಾಸ್ಯಕಥನಗಳಲ್ಲಿ ಕಪ್ಪು ಮಹಿಳೆಯ ನಾಯಕತ್ವ

೧. ಪ್ರವೇಶ

ಭವಿಷ್ಯವನ್ನು ಕುರಿತ ಕಥನಗಳು ಮೂಲತಃ ವರ್ತಮಾನವನ್ನು ಕುರಿತ ಕಥನಗಳೇ ಎಂಬ ಮಾತು ವೈಜ್ಞಾನಿಕ ಸಾಹಿತ್ಯದ ವಿಮರ್ಶೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮುಂದಿನ ಶತಮಾನಗಳ ವ್ಯೋಮನೌಕೆಗಳಲ್ಲಿ, ನಗರಗಳಲ್ಲಿ, ಪ್ರಯೋಗಶಾಲೆಗಳಲ್ಲಿ ಯಾರು ಯಾವ ಸ್ಥಾನದಲ್ಲಿರುತ್ತಾರೆ ಎಂಬ ಕಲ್ಪನೆಯು ಇಂದಿನ ಸಮಾಜವು ಯಾರನ್ನು ಎಲ್ಲಿರಿಸಿ ನೋಡಬಯಸುತ್ತದೆ ಎಂಬುದನ್ನೇ ಸೂಚಿಸುತ್ತದೆ. ಈ ಕಾರಣದಿಂದಲೇ ಅಮೆರಿಕದ ಕಪ್ಪು ಜನಸಮುದಾಯದ ಚಿಂತಕರು ವೈಜ್ಞಾನಿಕ ಕಥನವನ್ನು ಕೇವಲ ರಂಜನೆಯ ಪ್ರಕಾರವೆಂದು ಬದಿಗಿರಿಸಲಿಲ್ಲ. ಮಾರ್ಕ್ ಡೆರಿ ೧೯೯೩ರಲ್ಲಿ ಬಳಕೆಗೆ ತಂದ 'ಆಫ್ರೋಫ್ಯೂಚರಿಸಂ' ಎಂಬ ಪರಿಕಲ್ಪನೆಯು, ಗತಕಾಲವನ್ನೇ ಅಳಿಸಿಹಾಕಲಾದ ಸಮುದಾಯವೊಂದು ಭವಿಷ್ಯವನ್ನು ಹೇಗೆ ಕಲ್ಪಿಸಿಕೊಳ್ಳಬಲ್ಲದು ಎಂಬ ಪ್ರಶ್ನೆಯಿಂದ ಹುಟ್ಟಿದುದು. ಅನಂತರದ ವರ್ಷಗಳಲ್ಲಿ ಅಲಾಂಡ್ರಾ ನೆಲ್ಸನ್ ಮೊದಲಾದವರು ಅದನ್ನು ಒಂದು ಅಧ್ಯಯನ ಶಿಸ್ತಾಗಿ ಬೆಳೆಸಿದರು.

ಈ ಚರ್ಚೆಗಳಲ್ಲಿ ಕಪ್ಪು ಮಹಿಳೆಯರ ಬರವಣಿಗೆಗೆ, ವಿಶೇಷವಾಗಿ ಆಕ್ಟೇವಿಯಾ ಬಟ್ಲರ್ ಅವರ ಕಾದಂಬರಿಗಳಿಗೆ, ಮಹತ್ವದ ಸ್ಥಾನ ದೊರೆತಿದೆ. ೧೯೭೯ರಲ್ಲಿ ಪ್ರಕಟವಾದ ಅವರ 'ಕಿಂಡ್ರೆಡ್' ಕಾದಂಬರಿಯಲ್ಲಿ ಇಪ್ಪತ್ತನೆಯ ಶತಮಾನದ ಕಪ್ಪು ಮಹಿಳೆಯೊಬ್ಬಳು ಗುಲಾಮಗಿರಿಯ ಕಾಲಕ್ಕೆ ಮತ್ತೆ ಮತ್ತೆ ಸೆಳೆಯಲ್ಪಡುತ್ತಾಳೆ. ಕಾಲಯಾನವೆಂಬ ತಂತ್ರ ಇಲ್ಲಿ ಇತಿಹಾಸದ ಗಾಯವನ್ನು ಮುಟ್ಟಿ ನೋಡುವ ಸಾಧನವಾಗಿದೆ. ಇಂತಹ ಗಂಭೀರ ಕೃತಿಗಳ ಬಗೆಗೆ ವಿಪುಲವಾದ ವಿಮರ್ಶೆ ಬಂದಿದ್ದರೂ ವೈಜ್ಞಾನಿಕ ಹಾಸ್ಯಕಥನದಲ್ಲಿ ಕಪ್ಪು ಮಹಿಳೆ ಕೇಂದ್ರ ಪಾತ್ರವಾಗಿ ಬಂದುದರ ಅರ್ಥವೇನೆಂಬ ಪ್ರಶ್ನೆ ಅಷ್ಟಾಗಿ ಎತ್ತಲ್ಪಟ್ಟಿಲ್ಲ. ವಿಜ್ಞಾನ, ತಂತ್ರಜ್ಞಾನ ಅಥವಾ ಅನ್ಯಲೋಕದ ಕಲ್ಪನೆಯನ್ನೇ ನಗೆಯ ಚೌಕಟ್ಟಾಗಿ ಮಾಡಿಕೊಂಡ ಕಾದಂಬರಿ, ಚಲನಚಿತ್ರ, ದೂರದರ್ಶನ ಧಾರಾವಾಹಿಗಳನ್ನು ಇಲ್ಲಿ 'ವೈಜ್ಞಾನಿಕ ಹಾಸ್ಯಕಥನ' ಎಂದು ಕರೆಯಲಾಗಿದೆ.

ಪ್ರಸ್ತುತ ಲೇಖನದ ವಾದವಿಷ್ಟು. ಈ ಪ್ರಕಾರದ ಕೇಂದ್ರಕ್ಕೆ ಬರಲು ಕಪ್ಪು ಮಹಿಳೆಯ ಪಾತ್ರವು ಎರಡು ಕಟ್ಟುಪಾಡುಗಳನ್ನು ದಾಟಬೇಕಾಯಿತು. ಒಂದು, ಹಾಸ್ಯ ಪರಂಪರೆಯು ಅವಳ ಮೇಲೆ ಹೇರಿದ ಅಪಹಾಸ್ಯ. ಇನ್ನೊಂದು, ವೈಜ್ಞಾನಿಕ ಕಥನವು ಅವಳ ಪ್ರವೇಶಕ್ಕೆ ವಿಧಿಸಿದ ಗಾಂಭೀರ್ಯ. ಮೊದಲನೆಯದು ಅವಳನ್ನು ನಗೆಯ ವಸ್ತುವನ್ನಾಗಿಸಿತು. ಎರಡನೆಯದು ಅವಳು ನಗದಂತೆ, ಎಡವದಂತೆ ನೋಡಿಕೊಂಡಿತು. ತಪ್ಪು ಮಾಡಿಯೂ ಕಥೆಯ ಕೇಂದ್ರದಲ್ಲಿ ಉಳಿಯುವ ಹಕ್ಕು ದೊರೆತಾಗ ಮಾತ್ರ ಪ್ರಾತಿನಿಧ್ಯವೆಂಬುದು ಎಣಿಕೆಯ ಹಂತವನ್ನು ಮೀರುತ್ತದೆ.

೨. ಎರಡು ಪರಿಭಾಷೆಗಳು

ವಿಷಯಕ್ಕೆ ಪ್ರವೇಶಿಸುವ ಮೊದಲು ಎರಡು ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಮೊದಲನೆಯದು 'ನಾಯಕಿ'. ಮುನ್ನಡೆಸು ಎಂಬರ್ಥದ 'ನೀ' ಧಾತುವಿನಿಂದ ನಾಯಕ ಶಬ್ದ ನಿಷ್ಪನ್ನವಾಗಿದೆ. ಆದರೆ ಅಲಂಕಾರಶಾಸ್ತ್ರದ ನಾಯಿಕಾಭೇದಗಳು ಅವಳನ್ನು ವಿಂಗಡಿಸುವುದು ಸ್ವೀಯಾ, ಪರಕೀಯಾ, ಸಾಮಾನ್ಯಾ ಎಂದು, ಅಂದರೆ ಪುರುಷನೊಂದಿಗೆ ಅವಳಿಗಿರುವ ಸಂಬಂಧದ ಮೇಲೆ. ಚಲನಚಿತ್ರದ ರೂಢಿಯಲ್ಲಿಯೂ ನಾಯಕಿಯೆಂದರೆ ಬಹುತೇಕ ನಾಯಕನ ಪ್ರೇಯಸಿಯೇ. ಈ ಲೇಖನದಲ್ಲಿ ನಾಯಕತ್ವ ಎಂಬುದನ್ನು ಧಾತ್ವರ್ಥದಲ್ಲಿಯೇ, ಕಥೆಯನ್ನು ಮುನ್ನಡೆಸುವವಳು ಎಂಬ ಅರ್ಥದಲ್ಲಿಯೇ ಬಳಸಲಾಗಿದೆ.

ಎರಡನೆಯ ಪದ 'ಹಾಸ್ಯ'. ಭರತನು ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಂಗಡಿಸುತ್ತಾನೆ. ತಾನೇ ನಗುವುದು ಆತ್ಮಸ್ಥ. ಇತರರನ್ನು ನಗಿಸುವುದು ಪರಸ್ಥ. ಅದೇ ಪ್ರಕರಣದಲ್ಲಿ ನಗೆಯನ್ನು ಉತ್ತಮ, ಮಧ್ಯಮ, ಅಧಮ ಪ್ರಕೃತಿಗಳಿಗೆ ಹಂಚಲಾಗಿದೆ. ಹಲ್ಲು ಕಾಣದ ಸ್ಮಿತವು ಉತ್ತಮರಿಗೆ. ಮೈಮರೆತ ಅತಿಹಸಿತವು ಅಧಮರಿಗೆ. ಈ ರಸವು ಸ್ತ್ರೀಯರಲ್ಲಿಯೂ ನೀಚ ಪ್ರಕೃತಿಯವರಲ್ಲಿಯೂ ಹೆಚ್ಚಾಗಿ ಕಾಣುತ್ತದೆ ಎಂದೂ ಅಲ್ಲಿ ಹೇಳಲಾಗಿದೆ. ಅಮೆರಿಕದ ಜನಪ್ರಿಯ ಸಂಸ್ಕೃತಿಗೂ ಈ ಶಾಸ್ತ್ರಕ್ಕೂ ಯಾವ ಐತಿಹಾಸಿಕ ಸಂಬಂಧವೂ ಇಲ್ಲ. ಆದರೂ ನಗೆಗೆ ಒಂದು ಸಾಮಾಜಿಕ ಶ್ರೇಣಿಯಿದೆ, ಯಾರು ಹೇಗೆ ನಗಬೇಕು ಮತ್ತು ಯಾರನ್ನು ಕಂಡು ನಗಬೇಕು ಎಂಬುದನ್ನು ಆ ಶ್ರೇಣಿ ನಿರ್ಧರಿಸುತ್ತದೆ ಎಂಬ ತಿಳಿವಳಿಕೆ ನಮ್ಮ ಕಾವ್ಯಮೀಮಾಂಸೆಯಲ್ಲಿಯೇ ಅಡಗಿರುವುದರಿಂದ, ಮುಂದಿನ ಚರ್ಚೆಗೆ ಅದು ಉಪಯುಕ್ತವಾದ ಪರಿಭಾಷೆಯನ್ನು ಒದಗಿಸುತ್ತದೆ.

ಈ ಹಿನ್ನೆಲೆಯಲ್ಲಿ ಪ್ರತಿಯೊಂದು ಪಠ್ಯಕ್ಕೂ ಮೂರು ಪ್ರಶ್ನೆಗಳನ್ನು ಕೇಳಬಹುದು. ನಗೆ ಹುಟ್ಟುವುದು ಪಾತ್ರದ ದೇಹದಿಂದಲೋ ಅವಳ ನಿರ್ಧಾರಗಳಿಂದಲೋ? ಕಥೆಯಲ್ಲಿ ಜ್ಞಾನ ಯಾರ ವಶದಲ್ಲಿದೆ? ಆ ಪಾತ್ರದ ದನಿ ನಿಜವಾಗಿ ಯಾರದು?

೩. ಅಪಹಾಸ್ಯದ ಪರಂಪರೆ

ಅಮೆರಿಕದ ಜನಪ್ರಿಯ ರಂಗಭೂಮಿಯ ಆರಂಭದ ಯಶಸ್ಸುಗಳಲ್ಲಿ ಒಂದು 'ಮಿನ್‌ಸ್ಟ್ರೆಲ್' ಪ್ರದರ್ಶನ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಈ ಪ್ರಕಾರವು ೧೮೩೦ರ ದಶಕದಿಂದ ಪ್ರಚಾರಕ್ಕೆ ಬಂದಿತು. ಥಾಮಸ್ ಡಾರ್ಟ್‌ಮೌತ್ ರೈಸ್ ಎಂಬ ನಟ ಪ್ರಸಿದ್ಧಗೊಳಿಸಿದ 'ಜಿಮ್ ಕ್ರೋ' ಎಂಬ ಪಾತ್ರದ ಹೆಸರೇ ಮುಂದೆ ದಕ್ಷಿಣ ರಾಜ್ಯಗಳ ವರ್ಣಭೇದದ ಕಾನೂನುಗಳಿಗೆ ಅಂಟಿಕೊಂಡಿತು ಎಂಬುದು ಗಮನಾರ್ಹ. ನಗೆಯೂ ಶಾಸನವೂ ಒಂದೇ ಹೆಸರನ್ನು ಹಂಚಿಕೊಂಡ ಈ ಉದಾಹರಣೆಯು ಅಪಹಾಸ್ಯವು ನಿರಪಾಯಕಾರಿಯಾದುದಲ್ಲ ಎಂಬುದನ್ನು ತೋರಿಸುತ್ತದೆ. ಈ ರಂಗದಲ್ಲಿ ಕಪ್ಪು ಮಹಿಳೆಯ ಪಾತ್ರವನ್ನು ವಹಿಸುತ್ತಿದ್ದವರೂ ಪುರುಷರೇ. ಅವಳ ಬಣ್ಣ, ಅವಳ ಸ್ತ್ರೀತ್ವ ಎರಡೂ ವೇಷವಾಗಿದ್ದವು. ಅವಳು ಮಾತ್ರ ಅಲ್ಲಿ ಇರಲಿಲ್ಲ.

ರೇಡಿಯೋ ಯುಗದಲ್ಲಿ ಈ ಅನುಪಸ್ಥಿತಿ ಬೇರೆ ರೂಪದಲ್ಲಿ ಮುಂದುವರಿಯಿತು. 'ಬ್ಯೂಲಾ' ಎಂಬ ಮನೆಗೆಲಸದವಳ ಹಾಸ್ಯಪಾತ್ರಕ್ಕೆ ಮೊದಲು ದನಿ ನೀಡಿದವನು ಮಾರ್ಲಿನ್ ಹರ್ಟ್ ಎಂಬ ಬಿಳಿಯ ಪುರುಷ. ೧೯೪೭ರಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಆ ಪಾತ್ರವನ್ನು ವಹಿಸಿಕೊಂಡರು. ೧೯೫೦ರಿಂದ ೧೯೫೩ರವರೆಗೆ ದೂರದರ್ಶನದಲ್ಲಿ ಪ್ರಸಾರವಾದ ಅದೇ ಕಥನದಲ್ಲಿ ಎಥೆಲ್ ವಾಟರ್ಸ್ ಮೊದಲಾಗಿ ನಟಿಸಿದರು. ಅಮೆರಿಕದ ದೂರದರ್ಶನದಲ್ಲಿ ಕಪ್ಪು ಮಹಿಳೆಯೊಬ್ಬಳು ಶೀರ್ಷಿಕೆಯ ಪಾತ್ರದಲ್ಲಿ ಕಾಣಿಸಿಕೊಂಡ ಮೊದಲ ಹಾಸ್ಯ ಧಾರಾವಾಹಿ ಇದು. ಅಂಕಿಸಂಖ್ಯೆಯ ದೃಷ್ಟಿಯಿಂದ ಇದು ಸಾಧನೆಯೇ. ಆದರೆ ಬಿಳಿಯ ಕುಟುಂಬದ ಸಮಸ್ಯೆಗಳನ್ನು ಬಗೆಹರಿಸುವುದೇ ಬ್ಯೂಲಾಳ ಕೆಲಸ. ಅವಳಿಗೆ ತನ್ನದೇ ಆದ ಭವಿಷ್ಯವೆಂಬುದಿಲ್ಲ.

ಇದರ ಇನ್ನೊಂದು ಮುಖ 'ಏಮಸ್ ಅಂಡ್ ಆಂಡಿ' ಕಾರ್ಯಕ್ರಮದ ಸಫೈರ್ ಎಂಬ ಪಾತ್ರ. ಇಬ್ಬರು ಬಿಳಿಯ ಕಲಾವಿದರು ೧೯೨೮ರಲ್ಲಿ ರೇಡಿಯೋಗಾಗಿ ಆರಂಭಿಸಿದ ಈ ಕಾರ್ಯಕ್ರಮವು ೧೯೫೧ರಲ್ಲಿ ದೂರದರ್ಶನಕ್ಕೆ ಬಂದಾಗ, ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್.ಎ.ಎ.ಸಿ.ಪಿ. ಅದನ್ನು ತೀವ್ರವಾಗಿ ಪ್ರತಿಭಟಿಸಿತು. ಗಂಡನನ್ನು ಸದಾ ಗದರಿಸುವ ಸಫೈರ್‌ಳ ಹೆಸರು ಮುಂದೆ 'ಸಿಡುಕಿನ ಕಪ್ಪು ಹೆಣ್ಣು' ಎಂಬ ಪಡಿಯಚ್ಚಿಗೇ ಪರ್ಯಾಯವಾಯಿತು. ಪೆಟ್ರೀಶಿಯಾ ಹಿಲ್ ಕಾಲಿನ್ಸ್ ತಮ್ಮ ೧೯೯೦ರ 'ಬ್ಲ್ಯಾಕ್ ಫೆಮಿನಿಸ್ಟ್ ಥಾಟ್' ಕೃತಿಯಲ್ಲಿ ಇಂತಹವುಗಳನ್ನು 'ನಿಯಂತ್ರಕ ಬಿಂಬ'ಗಳೆಂದು ವಿಶ್ಲೇಷಿಸಿದ್ದಾರೆ. ಈ ಬಿಂಬಗಳು ವಾಸ್ತವವನ್ನು ತಪ್ಪಾಗಿ ತೋರಿಸುವುದಷ್ಟೇ ಅಲ್ಲ. ಅಸಮಾನತೆಯು ಸಹಜವೆಂಬಂತೆ ಕಾಣುವ ಹಾಗೆ ಮಾಡುತ್ತವೆ. ಕೋಪಕ್ಕೆ ಕಾರಣವಿರುವ ಹೆಣ್ಣಿನ ಕೋಪವನ್ನು ಅವಳ ಸ್ವಭಾವವೆಂದು ತೋರಿಸಿದರೆ ಕಾರಣವನ್ನು ಕೇಳುವ ಅಗತ್ಯವೇ ಉಳಿಯುವುದಿಲ್ಲ.

೪. ಗಾಂಭೀರ್ಯದ ಷರತ್ತು

ಈ ಹಿನ್ನೆಲೆಯಲ್ಲಿ ನೋಡಿದಾಗ ೧೯೬೬ರಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿಯ ಮೂಲಕ ತೆರೆಗೆ ಬಂದ ಲೆಫ್ಟಿನೆಂಟ್ ಉಹುರಾ ಪಾತ್ರದ ಮಹತ್ವ ತಿಳಿಯುತ್ತದೆ. ನಿಷೆಲ್ ನಿಕೋಲ್ಸ್ ನಿರ್ವಹಿಸಿದ ಈ ಪಾತ್ರದ ಹೆಸರು ಸ್ವಾತಂತ್ರ್ಯ ಎಂಬರ್ಥದ ಸ್ವಾಹಿಲಿ ಪದದಿಂದ ಬಂದುದು. ಅವಳು ಮನೆಗೆಲಸದವಳಲ್ಲ, ಇಪ್ಪತ್ತಮೂರನೆಯ ಶತಮಾನದ ನೌಕೆಯೊಂದರ ಸಂಪರ್ಕಾಧಿಕಾರಿ. ಮೊದಲ ಋತುವಿನ ಬಳಿಕ ಧಾರಾವಾಹಿಯನ್ನು ಬಿಡಲು ನಿಶ್ಚಯಿಸಿದ್ದ ತಮ್ಮನ್ನು ಮಾರ್ಟಿನ್ ಲೂಥರ್ ಕಿಂಗ್ ಅವರು ತಡೆದು, ಆ ಪಾತ್ರದಲ್ಲಿ ಮುಂದುವರಿಯುವಂತೆ ಒತ್ತಾಯಿಸಿದರೆಂದು ನಿಕೋಲ್ಸ್ ಅನೇಕ ಬಾರಿ ಹೇಳಿಕೊಂಡಿದ್ದಾರೆ. ೧೯೭೭ರಲ್ಲಿ ಅವರು ನಾಸಾ ಸಂಸ್ಥೆಗೆ ಮಹಿಳೆಯರನ್ನೂ ಅಲ್ಪಸಂಖ್ಯಾತ ಸಮುದಾಯದವರನ್ನೂ ಸೆಳೆಯುವ ಕಾರ್ಯದಲ್ಲಿ ತೊಡಗಿದರು. ೧೯೯೨ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್ ಅವರಿಗೆ ಉಹುರಾ ಸ್ಫೂರ್ತಿಯಾಗಿದ್ದಳು. ಕಲ್ಪಿತ ಪಾತ್ರವೊಂದು ನಿಜಜೀವನದ ದಾರಿಯನ್ನು ತೆರೆದ ಅಪರೂಪದ ನಿದರ್ಶನವಿದು.

ಆದರೂ ಈ ಪ್ರವೇಶಕ್ಕೆ ಒಂದು ಷರತ್ತಿತ್ತು. ಉಹುರಾ ಸದಾ ಸಮರ್ಥಳು, ಸದಾ ಸಂಯಮಿ. ಅವಳ ಮೊದಲ ಹೆಸರು ಮೂಲ ಧಾರಾವಾಹಿಯಲ್ಲಿ ಎಲ್ಲಿಯೂ ಉಚ್ಚರಿಸಲ್ಪಡುವುದಿಲ್ಲ. 'ನ್ಯೋಟಾ' ಎಂಬ ಹೆಸರು ತೆರೆಯ ಮೇಲೆ ಕೇಳಿಬಂದುದು ೨೦೦೯ರ ಚಲನಚಿತ್ರದಲ್ಲಿ. ಸಮುದಾಯವೊಂದರ ಏಕೈಕ ಪ್ರತಿನಿಧಿಯಾಗಿ ಅವಳು ನಿಂತಿದ್ದರಿಂದ ಅವಳು ಎಡವಿದರೆ ಸಮುದಾಯವೇ ಎಡವಿದಂತೆ ಎಂಬ ಭಾರ ಪಾತ್ರದ ಮೇಲಿತ್ತು. ಭರತನ ಪರಿಭಾಷೆಯಲ್ಲಿ ಹೇಳುವುದಾದರೆ ಅವಳಿಗೆ ಸಲ್ಲುವುದು ಸ್ಮಿತ ಮಾತ್ರ.

ಉಹುರಾಳನ್ನು ಕಂಡು ಪ್ರಭಾವಿತರಾದ ಬಾಲಕಿಯರಲ್ಲಿ ವೂಪಿ ಗೋಲ್ಡ್‌ಬರ್ಗ್ ಒಬ್ಬರು. ಮನೆಗೆಲಸದವಳಲ್ಲದ ಕಪ್ಪು ಹೆಂಗಸನ್ನು ದೂರದರ್ಶನದಲ್ಲಿ ಕಂಡೆನೆಂದು ಮನೆಮಂದಿಗೆ ಕೂಗಿ ಹೇಳಿದುದನ್ನು ಅವರು ನೆನಪಿಸಿಕೊಂಡಿದ್ದಾರೆ. ಮುಂದೆ ಅವರು ಅಮೆರಿಕದ ಪ್ರಮುಖ ಹಾಸ್ಯ ಕಲಾವಿದೆಯಾಗಿ ಬೆಳೆದು, ೧೯೮೮ರಲ್ಲಿ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್' ಧಾರಾವಾಹಿಯನ್ನು ಸೇರಿದರು. ಅಲ್ಲಿ ಅವರಿಗೆ ದೊರೆತುದು ಗೈನನ್ ಎಂಬ ಪಾತ್ರ. ಆಕೆ ನೌಕೆಯ ಪಾನಶಾಲೆಯಲ್ಲಿ ಇತರರ ಅಳಲನ್ನು ಕೇಳಿ ಸಲಹೆ ನೀಡುವ, ಶತಮಾನಗಳಷ್ಟು ವಯಸ್ಸಿನ ಪ್ರಾಜ್ಞೆ. ನಗಿಸುವುದನ್ನೇ ವೃತ್ತಿಯಾಗಿಸಿಕೊಂಡ ಕಲಾವಿದೆಯೊಬ್ಬರು ಭವಿಷ್ಯದ ಲೋಕವನ್ನು ಪ್ರವೇಶಿಸಿದಾಗ ಪ್ರಶಾಂತ ಗಾಂಭೀರ್ಯವೇ ಆ ಪಾತ್ರದ ಪ್ರಧಾನ ಲಕ್ಷಣವಾಯಿತು. ಅಪಹಾಸ್ಯದ ಪರಂಪರೆಗೆ ಪ್ರತಿಯಾಗಿ ಘನತೆಯನ್ನು ನಿಲ್ಲಿಸುವ ಈ ಕ್ರಮ ಐತಿಹಾಸಿಕವಾಗಿ ಅಗತ್ಯವಾಗಿತ್ತು. ಆದರೆ ಇತರರ ಅಳಲನ್ನು ಆಲಿಸುವವಳಿಗೆ ತನ್ನ ಅಳಲನ್ನು ಹೇಳಿಕೊಳ್ಳುವ ಅವಕಾಶ ವಿರಳವಾಗಿತ್ತು ಎಂಬುದನ್ನೂ ಮರೆಯಲಾಗದು.

೫. ನಡುವಣ ಪ್ರಯೋಗಗಳು

ಅದೇ ಗೋಲ್ಡ್‌ಬರ್ಗ್ ೧೯೯೫ರಲ್ಲಿ 'ಥಿಯೊಡೋರ್ ರೆಕ್ಸ್' ಎಂಬ ವೈಜ್ಞಾನಿಕ ಹಾಸ್ಯಚಿತ್ರದಲ್ಲಿ ಪ್ರಧಾನ ಪಾತ್ರ ವಹಿಸಿದರು. ಡೈನೋಸಾರುಗಳು ಪುನಃಸೃಷ್ಟಿಗೊಂಡಿರುವ ಭವಿಷ್ಯದ ಸಮಾಜದಲ್ಲಿ, ಡೈನೋಸಾರ್ ಪತ್ತೇದಾರನೊಬ್ಬನ ಜೊತೆಗಾರ್ತಿಯಾಗಬೇಕಾದ ಪೊಲೀಸ್ ಅಧಿಕಾರಿಣಿ ಕೇಟಿ ಕೋಲ್ಟ್ರೇನ್ ಪಾತ್ರವದು. ಮೂರು ಕೋಟಿ ಡಾಲರಿಗೂ ಮಿಕ್ಕ ವೆಚ್ಚದ ಈ ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಬರದೆ ನೇರವಾಗಿ ವಿಡಿಯೋ ರೂಪದಲ್ಲಿ ಬಿಡುಗಡೆಯಾಯಿತು. ಇಲ್ಲಿ ನಾಯಕತ್ವವಿದೆ, ವೈಜ್ಞಾನಿಕ ಚೌಕಟ್ಟಿದೆ. ಆದರೆ ನಗೆಯ ಕೀಲಿ ಡೈನೋಸಾರಿನ ಕೈಯಲ್ಲಿದೆ. ಅವಳು ಅದನ್ನು ಕಂಡು ರೇಗುವ ಜೊತೆಗಾರ್ತಿ. ಕೇಂದ್ರದಲ್ಲಿದ್ದೂ ಹಾಸ್ಯದ ಕರ್ತೃವಾಗದ ಸ್ಥಿತಿಯಿದು. ೧೯೯೬ರಲ್ಲಿ ಆರಂಭವಾದ 'ಹೋಂಬಾಯ್ಸ್ ಇನ್ ಔಟರ್ ಸ್ಪೇಸ್' ಎಂಬ ಧಾರಾವಾಹಿಯು ಬಾಹ್ಯಾಕಾಶದ ಹಾಸ್ಯಕ್ಕೆ ಕಪ್ಪು ನಾಯಕರನ್ನು ತಂದಿತಾದರೂ ಆ ಇಬ್ಬರೂ ಪುರುಷರೇ ಆಗಿದ್ದರು.

೨೦೧೬ರ 'ಘೋಸ್ಟ್‌ಬಸ್ಟರ್ಸ್' ಚಿತ್ರದಲ್ಲಿ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗಿ ಎದುರಾಯಿತು. ಯಂತ್ರಗಳಿಂದ ದೆವ್ವ ಹಿಡಿಯುವ ನಾಲ್ವರು ಮಹಿಳೆಯರಲ್ಲಿ ಮೂವರು ಬಿಳಿಯರು ಮತ್ತು ವಿಜ್ಞಾನಿಗಳು. ನಾಲ್ಕನೆಯವಳಾದ, ಲೆಸ್ಲಿ ಜೋನ್ಸ್ ಅಭಿನಯಿಸಿದ ಪ್ಯಾಟಿ ಟೋಲನ್, ನ್ಯೂಯಾರ್ಕಿನ ಸುರಂಗ ರೈಲಿನ ನೌಕರಳು. ೧೯೮೪ರ ಮೂಲ ಚಿತ್ರದಲ್ಲಿಯೂ ಕಪ್ಪು ಸದಸ್ಯನಾದ ವಿನ್‌ಸ್ಟನ್ ವಿಜ್ಞಾನಿಯಲ್ಲದ ಕೆಲಸಗಾರನಾಗಿದ್ದನು. ಮೂವತ್ತೆರಡು ವರ್ಷಗಳ ಬಳಿಕವೂ ಜ್ಞಾನದ ಹಂಚಿಕೆ ಬದಲಾಗಲಿಲ್ಲವೆಂಬ ಟೀಕೆ ಚಿತ್ರದ ತುಣುಕುಗಳು ಹೊರಬಂದೊಡನೆಯೇ ಕೇಳಿಬಂದಿತು. ಸಾಮಾನ್ಯ ಕೆಲಸಗಾರಳು ಏಕೆ ವೀರಳಾಗಬಾರದೆಂದು ಜೋನ್ಸ್ ಆ ಪಾತ್ರವನ್ನು ಸಮರ್ಥಿಸಿಕೊಂಡರು. ಎರಡೂ ಮಾತುಗಳಲ್ಲಿ ಸತ್ಯವಿದೆ. ಪ್ಯಾಟಿಗೆ ನಗರದ ಕಟ್ಟಡಗಳ ಇತಿಹಾಸ ಕರತಲಾಮಲಕ. ವಿಜ್ಞಾನಿಗಳಿಗೆ ತಿಳಿಯದ ನೆಲದರಿವು ಅವಳದು. ಆದರೆ ಚಿತ್ರವು ಅದನ್ನು ವಿಜ್ಞಾನಕ್ಕೆ ಸಮನಾದ ಜ್ಞಾನವೆಂದು ಕಾಣುವುದಿಲ್ಲ. ಆ ವರ್ಷದ ಜುಲೈನಲ್ಲಿ ಜೋನ್ಸ್ ಅವರ ಮೇಲೆ ಟ್ವಿಟರ್ ಮೂಲಕ ನಡೆದ ಜನಾಂಗೀಯ ನಿಂದನೆಯ ದಾಳಿಯು, ನಗಿಸುವ ಕಪ್ಪು ಮಹಿಳೆಯ ದೇಹವನ್ನು ಮಿನ್‌ಸ್ಟ್ರೆಲ್ ಕಾಲದ ಕಣ್ಣಿನಿಂದಲೇ ನೋಡುವ ಅಭ್ಯಾಸ ಅಳಿದಿಲ್ಲವೆಂಬುದನ್ನು ಬಯಲುಮಾಡಿತು.

೬. ತಪ್ಪು ಮಾಡುವ ಹಕ್ಕು

೨೦೨೦ರ ಆಗಸ್ಟ್‌ನಿಂದ ೨೦೨೪ರ ಡಿಸೆಂಬರ್‌ವರೆಗೆ ಐದು ಋತುಗಳಲ್ಲಿ, ಐವತ್ತು ಕಂತುಗಳಲ್ಲಿ ಪ್ರಸಾರವಾದ 'ಸ್ಟಾರ್ ಟ್ರೆಕ್: ಲೋವರ್ ಡೆಕ್ಸ್' ಎಂಬ ಅನಿಮೇಷನ್ ಧಾರಾವಾಹಿಯು ಈ ಚರ್ಚೆಯ ದೃಷ್ಟಿಯಿಂದ ಮುಖ್ಯವಾದುದು. ಉಹುರಾ ಪ್ರವೇಶಿಸಿದ ಅದೇ ಕಲ್ಪಿತ ಲೋಕದಲ್ಲಿ, ಆದರೆ ಯಾರೂ ಲೆಕ್ಕಕ್ಕೆ ಹಿಡಿಯದ 'ಸೆರಿಟೋಸ್' ಎಂಬ ನೌಕೆಯಲ್ಲಿ ಈ ಕಥೆ ನಡೆಯುತ್ತದೆ. ಅನ್ಯಲೋಕದವರೊಡನೆ ಮೊದಲ ಸಂಪರ್ಕ ಸಾಧಿಸುವ ಕೀರ್ತಿ ಬೇರೆಯವರದು. ಆ ಬಳಿಕದ ಕಾಗದಪತ್ರಗಳ ಎರಡನೆಯ ಸಂಪರ್ಕ ಇವರ ಪಾಲಿನದು. ಅಲ್ಲಿನ ಕೆಳಹಂತದ ಅಧಿಕಾರಿಗಳಲ್ಲಿ ಒಬ್ಬಳಾದ ಬೆಕೆಟ್ ಮ್ಯಾರಿನರ್ ಕಥೆಯ ಕೇಂದ್ರ ಪಾತ್ರ. ದನಿ ನೀಡಿದ ಟಾನಿ ನ್ಯೂಸಮ್ ಶಿಕಾಗೋ ನಗರದ ಸೆಕೆಂಡ್ ಸಿಟಿ ತಂಡದಲ್ಲಿ ಆಶುಹಾಸ್ಯದ ಅಭ್ಯಾಸ ಪಡೆದ ಕಲಾವಿದೆ.

ಮ್ಯಾರಿನರ್ ನಿಯಮಗಳನ್ನು ಮುರಿಯುತ್ತಾಳೆ, ಮೇಲಧಿಕಾರಿಗಳನ್ನು ಗೇಲಿ ಮಾಡುತ್ತಾಳೆ, ಪದೋನ್ನತಿಯನ್ನು ಉದ್ದೇಶಪೂರ್ವಕವಾಗಿ ತಪ್ಪಿಸಿಕೊಳ್ಳುತ್ತಾಳೆ. ಮೊದಲ ಕಂತಿನಲ್ಲಿಯೇ ಅವಳು ಗುಟ್ಟಾಗಿ ಏನನ್ನೋ ಸಾಗಿಸುತ್ತಿರುವುದು ಗೆಳೆಯ ಬಾಯ್ಮ್ಲರ್‌ನ ಕಣ್ಣಿಗೆ ಬೀಳುತ್ತದೆ. ಅದು ಅಲ್ಲಿನ ಬಡ ರೈತರಿಗೆ ಅವಳು ನೀಡುತ್ತಿದ್ದ ಕೃಷಿ ಉಪಕರಣವೆಂದು ಬಳಿಕ ತಿಳಿಯುತ್ತದೆ. ಅಧಿಕಾರಶಾಹಿಯ ವಿಳಂಬವನ್ನು ಅವಳು ಬಲ್ಲಳು. ಇಲ್ಲಿ ನಗೆ ಹುಟ್ಟುವುದು ಅವಳ ದೇಹದಿಂದಲ್ಲ; ಅವಳ ನಿರ್ಧಾರಗಳಿಂದ. ಅನುಭವದಲ್ಲಿಯೂ ತಿಳಿವಳಿಕೆಯಲ್ಲಿಯೂ ಅವಳು ಇತರರಿಗಿಂತ ಮುಂದಿರುವುದರಿಂದ ಜ್ಞಾನವೂ ಅವಳ ವಶದಲ್ಲಿಯೇ ಇದೆ.

ಅವಳ ಅವಿಧೇಯತೆಯನ್ನು 'ಸಿಡುಕಿನ ಕಪ್ಪು ಹೆಣ್ಣು' ಎಂಬ ಹಳೆಯ ಬಿಂಬದ ಮುಂದುವರಿಕೆಯೆಂದು ಓದಲು ಸಾಧ್ಯವಿತ್ತು. ಹಾಗಾಗದಂತೆ ತಡೆದಿರುವುದು ಪಾತ್ರಗಳ ವಿನ್ಯಾಸ. ಅವಳು ಎದುರು ನಿಲ್ಲುವ ನೌಕಾಧಿಪತಿ ಕ್ಯಾರೊಲ್ ಫ್ರೀಮನ್ ಕೂಡ ಕಪ್ಪು ಮಹಿಳೆ. ಮಾತ್ರವಲ್ಲ, ಮ್ಯಾರಿನರ್‌ಳ ತಾಯಿ. ದನಿ ಡಾನ್ ಲೂಯಿಸ್ ಅವರದು. ಅಧಿಕಾರವೂ ಬಂಡಾಯವೂ, ಶಿಸ್ತೂ ಸ್ವೈರತೆಯೂ ಇಬ್ಬರು ಕಪ್ಪು ಮಹಿಳೆಯರ ನಡುವೆ ಹಂಚಿಹೋದಾಗ ಅವರಲ್ಲಿ ಯಾರೊಬ್ಬರೂ ಸಮುದಾಯದ ಏಕೈಕ ಪ್ರತಿನಿಧಿಯಾಗಿ ನಿಲ್ಲಬೇಕಾಗುವುದಿಲ್ಲ. ಒಬ್ಬಳೇ ಇದ್ದಾಗ ಅವಳ ದೋಷ ಜಾತಿಲಕ್ಷಣವಾಗುತ್ತದೆ. ಇಬ್ಬರಿದ್ದಾಗ ಅದು ವ್ಯಕ್ತಿಲಕ್ಷಣವಾಗುತ್ತದೆ. ಉಹುರಾಳಿಗೆ ದೊರೆಯದೆ ಹೋದ ಸ್ವಾತಂತ್ರ್ಯ ಇದು.

ಮೊದಲ ಋತುವಿನ 'ಕ್ರೈಸಿಸ್ ಪಾಯಿಂಟ್' ಎಂಬ ಕಂತು ಈ ವಿಚಾರವನ್ನು ಕಥನದೊಳಗೇ ತರುತ್ತದೆ. ಮಾಯಾಬಿಂಬಗಳನ್ನು ಸೃಷ್ಟಿಸುವ ಕೊಠಡಿಯಲ್ಲಿ ಮ್ಯಾರಿನರ್ ತನ್ನದೇ ಚಲನಚಿತ್ರವೊಂದನ್ನು ಕಟ್ಟಿಕೊಂಡು, ಅದರಲ್ಲಿ 'ವಿಂಡಿಕ್ಟಾ' ಎಂಬ ಖಳನಾಯಕಿಯಾಗಿ ತಾಯಿಯ ಮೇಲಿನ ಕೋಪವನ್ನೆಲ್ಲ ತೀರಿಸಿಕೊಳ್ಳಲು ಹೊರಡುತ್ತಾಳೆ. ಆದರೆ ಕೊನೆಯಲ್ಲಿ ಅವಳಿಗೆ ಎದುರಾಗುವುದು ಅವಳದೇ ಬಿಂಬ. ಆ ಬಿಂಬವು ತಾಯಿಯನ್ನೂ ನೌಕೆಯನ್ನೂ ಕಾಪಾಡಲು ಹೋರಾಡುತ್ತದೆ. ಸಿಟ್ಟಿನ ಹೆಣ್ಣಿನ ಅತಿರಂಜಿತ ಚಿತ್ರವನ್ನು ಬೇರೊಬ್ಬರು ಅವಳ ಮೇಲೆ ಹೇರಿಲ್ಲ. ಅವಳೇ ಅದನ್ನು ವೇಷವಾಗಿ ತೊಟ್ಟು, ತಾನೇ ಅದರೊಡನೆ ಸೆಣಸಿ, ತಾನೇ ಕಳಚಿಡುತ್ತಾಳೆ. ನಗಿಸುವವಳೂ ತನ್ನನ್ನು ತಾನು ನೋಡಿಕೊಳ್ಳುವವಳೂ ಒಬ್ಬಳೇ ಆಗುವ ಇಲ್ಲಿ ಆತ್ಮಸ್ಥ ಮತ್ತು ಪರಸ್ಥ ಹಾಸ್ಯಗಳು ಕೂಡುತ್ತವೆ. ೨೦೨೩ರ ನಾಲ್ಕನೆಯ ಋತುವಿನಲ್ಲಿ ಈ ಹಾಸ್ಯದ ಕೆಳಗಿರುವ ದುಃಖವೂ ತೆರೆದುಕೊಳ್ಳುತ್ತದೆ. ಗೆಳತಿಯೊಬ್ಬಳನ್ನು ಕರ್ತವ್ಯದ ಕಾರಣಕ್ಕೆ ಕಳೆದುಕೊಂಡ ಮ್ಯಾರಿನರ್, ತನ್ನ ಆಜ್ಞೆಯಿಂದ ಗೆಳೆಯರು ಸಾಯುವಂತಾಗಬಾರದೆಂಬ ಭಯದಿಂದಲೇ ಪದವಿಯಿಂದ ದೂರ ಸರಿಯುತ್ತಿದ್ದಳು.

ಇದನ್ನು ೨೦೧೭ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್: ಡಿಸ್ಕವರಿ'ಯೊಡನೆ ಹೋಲಿಸಬಹುದು. ಸೊನೆಕ್ವಾ ಮಾರ್ಟಿನ್-ಗ್ರೀನ್ ಅಭಿನಯಿಸಿದ ಮೈಕೆಲ್ ಬರ್ನಮ್ ಆ ಪರಂಪರೆಯ ಧಾರಾವಾಹಿಯೊಂದರ ಕೇಂದ್ರ ಪಾತ್ರವಾದ ಮೊದಲ ಕಪ್ಪು ಮಹಿಳೆ. ಆರಂಭದಲ್ಲಿಯೇ ಅವಳು ಮಾಡುವ ಆಜ್ಞೋಲ್ಲಂಘನೆಗೆ ಜೀವಾವಧಿ ಶಿಕ್ಷೆಯಾಗುತ್ತದೆ. ಯುದ್ಧವೊಂದರ ಪಾಪಭಾರವೇ ಅವಳ ಮೇಲೆ ಬೀಳುತ್ತದೆ. ಗಂಭೀರ ಕಥನದಲ್ಲಿ ಕಪ್ಪು ನಾಯಕಿಯ ತಪ್ಪಿಗೆ ಲೋಕವೇ ಬೆಲೆ ತೆರಬೇಕಾಗುತ್ತದೆ. ಹಾಸ್ಯಕಥನದಲ್ಲಿ ತಪ್ಪು ಮಾಡಿದವಳು ಮರುದಿನ ಮತ್ತೆ ಕೆಲಸಕ್ಕೆ ಹಾಜರಾಗಬಹುದು. ಸಾಧಾರಣವೆಂದು ತೋರುವ ಈ ಸವಲತ್ತು ಇತಿಹಾಸದ ದೃಷ್ಟಿಯಿಂದ ಸಾಧಾರಣವಾದುದಲ್ಲ.

೭. ಕೂದಲು, ರಸಾಯನ ಮತ್ತು ನಗೆ

ವೈಜ್ಞಾನಿಕ ಹಾಸ್ಯಕಥನದಲ್ಲಿ ಕಪ್ಪು ಮಹಿಳೆಯ ಬದುಕಿನ ನಿರ್ದಿಷ್ಟ ಅನುಭವವು ಹೇಗೆ ವಸ್ತುವಾಗುತ್ತದೆ ಎಂಬುದಕ್ಕೆ ಕೂದಲಿನ ಪ್ರಶ್ನೆ ಉತ್ತಮ ನಿದರ್ಶನ. ಜಾರ್ಜ್ ಸ್ಕೈಲರ್ ೧೯೩೧ರಲ್ಲಿ ಪ್ರಕಟಿಸಿದ 'ಬ್ಲ್ಯಾಕ್ ನೋ ಮೋರ್' ಕಾದಂಬರಿಯು ಕಪ್ಪು ಚರ್ಮವನ್ನು ಬಿಳಿಯಾಗಿಸುವ ವೈದ್ಯಕೀಯ ಪ್ರಕ್ರಿಯೆಯೊಂದನ್ನು ಕಲ್ಪಿಸಿ ಅಮೆರಿಕದ ವರ್ಣವ್ಯವಸ್ಥೆಯನ್ನು ವಿಡಂಬಿಸುತ್ತದೆ. ಅದರಲ್ಲಿ 'ಮೇಡಂ ಸಿಸೆರೆಟಾ ಬ್ಲ್ಯಾಂಡಿಶ್' ಎಂಬ ಸೌಂದರ್ಯೋದ್ಯಮಿಯ ಪಾತ್ರವಿದೆ. ಕೇಶಸಂಸ್ಕಾರದ ಉದ್ಯಮದಿಂದ ಸಿರಿವಂತಳಾದ ಮೇಡಂ ಸಿ.ಜೆ. ವಾಕರ್ ಅವರ ವಿಡಂಬನಾತ್ಮಕ ಪ್ರತಿರೂಪವಾಗಿ ಅದನ್ನು ವಿಮರ್ಶಕರು ಗುರುತಿಸಿದ್ದಾರೆ. ಎಲ್ಲರೂ ಬಿಳಿಯರಾಗತೊಡಗಿದಾಗ ಗುಂಗುರು ಕೂದಲನ್ನು ನೇರಗೊಳಿಸುವ ಅವಳ ವ್ಯಾಪಾರವೇ ಕುಸಿಯುತ್ತದೆ. ಕಥೆಯ ಕೊನೆಯಲ್ಲಿ ಚರ್ಮಕ್ಕೆ ಬಣ್ಣ ಕಟ್ಟುವ ಹೊಸ ಕಸುಬಿನೊಂದಿಗೆ ಅವಳು ಮರಳುತ್ತಾಳೆ. ಅವಳ ಬುದ್ಧಿವಂತಿಕೆ ಮೆಚ್ಚತಕ್ಕದ್ದೇ. ಆದರೆ ಕಾದಂಬರಿಯ ನಾಯಕ ಮ್ಯಾಕ್ಸ್ ಡಿಶರ್ ಎಂಬ ಪುರುಷ. ವಿಡಂಬನೆಯ ವಸ್ತುವಾಗಿ ಅವಳಿಗೆ ಸ್ಥಾನವಿದೆ. ದೃಷ್ಟಿಕೋನದ ಒಡತಿಯಾಗಿ ಇಲ್ಲ.

ಇದಕ್ಕೆ ತೊಂಬತ್ತೆರಡು ವರ್ಷಗಳ ನಂತರ, ೨೦೨೩ರ ಫೆಬ್ರುವರಿಯಲ್ಲಿ ಆರಂಭವಾದ 'ಮೂನ್ ಗರ್ಲ್ ಅಂಡ್ ಡೆವಿಲ್ ಡೈನೋಸಾರ್' ಎಂಬ ಅನಿಮೇಷನ್ ಧಾರಾವಾಹಿಯ ನಾಯಕಿ ಹದಿಮೂರು ವರ್ಷದ ಲೂನೆಲಾ ಲಾಫಯೆಟ್. ಡೈಮಂಡ್ ವೈಟ್ ದನಿ ನೀಡಿದ ಈ ಬಾಲಕಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಬಡಾವಣೆಯ ಸ್ವಯಂಪ್ರತಿಭೆಯ ವಿಜ್ಞಾನಿ. ಜ್ಞಾನ ಯಾರ ವಶದಲ್ಲಿದೆ ಎಂಬ ಪ್ರಶ್ನೆಗೆ ಇಲ್ಲಿ ಅನುಮಾನವೇ ಇಲ್ಲ. ಅವಳಿಗಿಂತ ಮೊದಲು 'ಮೂನ್ ಗರ್ಲ್' ಎಂಬ ಹೆಸರಿನಲ್ಲಿ ಸಂಶೋಧನೆ ನಡೆಸಿದವಳು ಅವಳ ಅಜ್ಜಿಯೇ ಎಂದು ಮುಂದೆ ತಿಳಿಯುವುದರಿಂದ ವಿಜ್ಞಾನಕ್ಕೆ ತಾಯಿಯ ಕಡೆಯ ಪರಂಪರೆಯೊಂದು ದೊರೆಯುತ್ತದೆ ಎನ್ನುವುದಕ್ಕಿಂತ, ಅಜ್ಜಿಯಿಂದ ಮೊಮ್ಮಗಳಿಗೆ ಹರಿಯುವ ಹೆಣ್ಣಿನ ಪರಂಪರೆಯೊಂದು ದೊರೆಯುತ್ತದೆ ಎನ್ನುವುದು ಸರಿ. ಕೂದಲನ್ನು ಕುರಿತ ಕಂತಿನಲ್ಲಿ, ಕುಹಕದ ಮಾತಿನಿಂದ ನೊಂದ ಲೂನೆಲಾ ತಾನೇ ತಯಾರಿಸಿದ ರಸಾಯನದಿಂದ ಕೂದಲನ್ನು ಬದಲಿಸಿಕೊಳ್ಳಲು ಯತ್ನಿಸುತ್ತಾಳೆ. ಆ ಕೂದಲೇ ಜೀವ ತಳೆದು 'ಮೇನ್' ಎಂಬ ಎದುರಾಳಿಯಾಗುತ್ತದೆ. ಕೂದಲಿನ ನೆಪದಲ್ಲಿ ಶಾಲೆಯಲ್ಲಿ, ಉದ್ಯೋಗದಲ್ಲಿ ನಡೆಯುವ ತಾರತಮ್ಯವನ್ನು ನಿಷೇಧಿಸುವ ಮೊದಲ ರಾಜ್ಯ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದುದು ೨೦೧೯ರಲ್ಲಿ ಎಂಬುದನ್ನು ನೆನೆದರೆ ಈ ತಮಾಷೆಯ ಹಿಂದಿರುವ ನೋವು ಅರ್ಥವಾಗುತ್ತದೆ. ವಿಜ್ಞಾನಿಯ ಸೃಷ್ಟಿಯು ವಿಜ್ಞಾನಿಯ ವಿರುದ್ಧವೇ ತಿರುಗಿ ನಿಲ್ಲುವ ಹಳೆಯ ಕಥಾಸೂತ್ರವು ಇಲ್ಲಿ ಕಪ್ಪು ಬಾಲಕಿಯ ನಿತ್ಯದ ಅನುಭವದಿಂದ ಹೊಸ ಅರ್ಥ ಪಡೆದಿದೆ.

ಅದೇ ವರ್ಷ ಬಂದ, ಜುಯೆಲ್ ಟೇಲರ್ ನಿರ್ದೇಶನದ 'ದೆ ಕ್ಲೋನ್ಡ್ ಟೈರೋನ್' ಚಿತ್ರದಲ್ಲಿ ರಸಾಯನ ಮತ್ತು ನಗೆಗಳ ನಂಟು ಭಯಾನಕವಾಗುತ್ತದೆ. ಕಪ್ಪು ಜನರ ಬಡಾವಣೆಯೊಂದರ ನೆಲದಡಿಯಲ್ಲಿ ರಹಸ್ಯ ಪ್ರಯೋಗಶಾಲೆಯಿದೆ. ಕರಿದ ಕೋಳಿಮಾಂಸ, ದ್ರಾಕ್ಷಿಯ ಪಾನೀಯ, ಕೂದಲು ನೇರಗೊಳಿಸುವ ಲೇಪನಗಳ ಮೂಲಕ ಜನರ ಮನಸ್ಸನ್ನು ನಿಯಂತ್ರಿಸಲಾಗುತ್ತಿದೆ. ಮಾಂಸ ತಿಂದವರು ಕಾರಣವಿಲ್ಲದೆ ನಗತೊಡಗುತ್ತಾರೆ. ಕಪ್ಪು ಜನರ ನಗೆಯನ್ನು ಮೇಲಿನಿಂದ ಹೇರಿದ ಇತಿಹಾಸಕ್ಕೆ ಇದಕ್ಕಿಂತ ನೇರವಾದ ರೂಪಕ ಬೇಕಿಲ್ಲ. ಈ ಸಂಚನ್ನು ಬೆನ್ನಟ್ಟುವ ಮೂವರಲ್ಲಿ, ಟೆಯೋನಾ ಪ್ಯಾರಿಸ್ ಅಭಿನಯಿಸಿದ ಯೋ-ಯೋ ಒಬ್ಬಳು. ಲೈಂಗಿಕ ವೃತ್ತಿಯಲ್ಲಿರುವ ಅವಳು ಬಾಲ್ಯದಿಂದ ಪತ್ತೇದಾರಿ ಕಥೆಗಳ ಓದುಗಳು. ಹಾಗಾಗಿ ಪ್ರಶ್ನೆ ಕೇಳುವ, ಸುಳಿವುಗಳನ್ನು ಜೋಡಿಸುವ ಕೆಲಸ ಬಹುತೇಕ ಅವಳದೇ. ಆದರೆ ಕಥೆಯ ಅಂತಿಮ ತಿರುವು ಪುರುಷ ಪಾತ್ರವಾದ ಫೊಂಟೇನ್‌ನ ಸುತ್ತ ಹೆಣೆದುಕೊಂಡಿದೆ. ಅವಳು ಕಥೆಯ ಬುದ್ಧಿ. ಕಥೆಯ ಹೆಸರು ಮಾತ್ರ ಇನ್ನೊಬ್ಬರದು.

೮. ಕೆಲವು ಮಿತಿಗಳು

ಮೇಲಿನ ಬೆಳವಣಿಗೆಯನ್ನು ಕೇವಲ ವಿಜಯಗಾಥೆಯಾಗಿ ಓದುವುದು ತರವಲ್ಲ. ಪೂರ್ಣಾರ್ಥದಲ್ಲಿ ನಾಯಕಿಯರಾದ ಮ್ಯಾರಿನರ್ ಮತ್ತು ಲೂನೆಲಾ ಇಬ್ಬರೂ ಅನಿಮೇಷನ್ ಪಾತ್ರಗಳು. ನಟಿಯರು ದೇಹಸಮೇತ ಕಾಣಿಸಿಕೊಂಡ ಚಿತ್ರಗಳಲ್ಲಿ ಅಷ್ಟು ಅವಕಾಶ ದೊರೆತಿಲ್ಲ. ಜೋನ್ಸ್ ಎದುರಿಸಿದ ದಾಳಿಯನ್ನು ನೆನೆದಾಗ, ರೇಖಾಚಿತ್ರವು ನಟಿಯ ದೇಹಕ್ಕೆ ಒಂದು ಬಗೆಯ ರಕ್ಷಣೆಯನ್ನು ನೀಡಿತೇ ಎಂಬ ಪ್ರಶ್ನೆ ಏಳುತ್ತದೆ. ಇಷ್ಟಾದರೂ ದನಿಯ ವಿಷಯದಲ್ಲಿ ಆದ ಬದಲಾವಣೆ ಸಣ್ಣದಲ್ಲ. ೨೦೨೦ರ ಜೂನ್‌ನಲ್ಲಿ 'ಬಿಗ್ ಮೌತ್' ಮತ್ತು 'ಸೆಂಟ್ರಲ್ ಪಾರ್ಕ್' ಅನಿಮೇಷನ್ ಹಾಸ್ಯ ಧಾರಾವಾಹಿಗಳಲ್ಲಿ ಮಿಶ್ರವರ್ಣದ ಬಾಲಕಿಯರಿಗೆ ದನಿ ನೀಡುತ್ತಿದ್ದ ಬಿಳಿಯ ನಟಿಯರು ಆ ಪಾತ್ರಗಳಿಂದ ಹಿಂದೆ ಸರಿದರು. ಬ್ಯೂಲಾಳಿಗೆ ಬಿಳಿಯ ಪುರುಷ ದನಿ ನೀಡಿದ ಕಾಲದಿಂದ ಇಲ್ಲಿಯವರೆಗಿನ ಅಂತರ ಸುಮಾರು ಮುಕ್ಕಾಲು ಶತಮಾನ.

ಇನ್ನೊಂದು ಮಿತಿ ಕಥನದ ಮೌನಕ್ಕೆ ಸಂಬಂಧಿಸಿದ್ದು. 'ಲೋವರ್ ಡೆಕ್ಸ್' ಕಲ್ಪಿಸುವ ಇಪ್ಪತ್ತನಾಲ್ಕನೆಯ ಶತಮಾನದಲ್ಲಿ ಮನುಷ್ಯರ ನಡುವೆ ವರ್ಣಭೇದವೇ ಉಳಿದಿಲ್ಲ. ಮ್ಯಾರಿನರ್‌ಳ ಬಣ್ಣ ಕಾಣುತ್ತದೆ. ಆದರೆ ಆ ಬಣ್ಣದ ಇತಿಹಾಸ ಅವಳ ಹಾಸ್ಯದ ವಸ್ತುವಾಗುವುದಿಲ್ಲ. ಇದನ್ನು ವಿಮೋಚನೆಯೆಂದೂ ವಿಸ್ಮೃತಿಯೆಂದೂ ಓದಬಹುದು. ಲೂನೆಲಾಳ ಕಥೆ ಕೂದಲಿನ ಮೂಲಕ ಆ ಇತಿಹಾಸವನ್ನು ಮುಟ್ಟುತ್ತದೆ. ಎರಡನೆಯ ಋತುವಿನೊಂದಿಗೆ ೨೦೨೫ರಲ್ಲಿ ಆ ಧಾರಾವಾಹಿ ಮುಗಿಯಿತು.

೯. ಸಮಾರೋಪ

ದಲಿತ ಮತ್ತು ಬಂಡಾಯ ಸಾಹಿತ್ಯದ ಚರ್ಚೆಗಳ ಕಾಲದಿಂದ ಕನ್ನಡ ವಿಮರ್ಶೆಗೆ ಕಪ್ಪು ಸಾಹಿತ್ಯದೊಡನೆ ಒಂದು ನಂಟಿದೆ. ೧೯೭೨ರಲ್ಲಿ ಮಹಾರಾಷ್ಟ್ರದಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಸಂಘಟನೆಯು ತನ್ನ ಹೆಸರನ್ನೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆದುದು ಈ ನಂಟಿನ ದೊಡ್ಡ ಹಿನ್ನೆಲೆ. ಆದರೆ ಕಪ್ಪು ಸಾಹಿತ್ಯವೆಂದೊಡನೆ ನಮ್ಮ ಗಮನ ಸಾಮಾನ್ಯವಾಗಿ ಹೋಗುವುದು ನೋವು, ಆಕ್ರೋಶ ಮತ್ತು ಆತ್ಮಕಥನಗಳ ಕಡೆಗೆ. ದಮನಕ್ಕೊಳಗಾದವರ ನಗೆಯನ್ನು, ಅದರಲ್ಲಿಯೂ ಜನಪ್ರಿಯ ಪ್ರಕಾರಗಳಲ್ಲಿ ಪ್ರಕಟವಾಗುವ ನಗೆಯನ್ನು, ಗಂಭೀರ ಅಧ್ಯಯನಕ್ಕೆ ತಕ್ಕುದೆಂದು ಭಾವಿಸುವ ರೂಢಿ ಇನ್ನೂ ಬೆಳೆಯಬೇಕಾಗಿದೆ.

ಪ್ರಾತಿನಿಧ್ಯದ ಅಧ್ಯಯನದಲ್ಲಿ ಅಂಚಿನ ಸಮುದಾಯದ ಪಾತ್ರಗಳು ಎಷ್ಟಿವೆ ಎಂದು ಎಣಿಸುವುದು ಮೊದಲ ಹೆಜ್ಜೆ ಮಾತ್ರ. ಎಣಿಕೆಗೆ ಬ್ಯೂಲಾಳೂ ಸಿಗುತ್ತಾಳೆ, ಉಹುರಾಳೂ ಸಿಗುತ್ತಾಳೆ. ಅವರಿಬ್ಬರ ನಡುವಿನ ಅಂತರವಾಗಲಿ, ಉಹುರಾಳಿಂದ ಮ್ಯಾರಿನರ್‌ಳವರೆಗಿನ ಅಂತರವಾಗಲಿ ಸಿಗುವುದಿಲ್ಲ. ನಗೆಯ ಮೂಲ ಯಾವುದು, ಜ್ಞಾನದ ಒಡೆತನ ಯಾರದು, ದನಿ ಯಾರದು ಎಂಬ ಮೂರು ಪ್ರಶ್ನೆಗಳು ಆ ಅಂತರವನ್ನು ಅಳೆಯಲು ನೆರವಾಗುತ್ತವೆ. ಇವುಗಳೊಡನೆ, ಆ ಸಮುದಾಯದ ಪಾತ್ರ ಕಥೆಯಲ್ಲಿ ಒಂದೇ ಇದೆಯೋ ಒಂದಕ್ಕಿಂತ ಹೆಚ್ಚಿವೆಯೋ ಎಂಬ ನಾಲ್ಕನೆಯ ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕೆಂಬುದು ಮೇಲಿನ ವಿಶ್ಲೇಷಣೆಯಿಂದ ಹೊರಡುವ ತೀರ್ಮಾನ. ಪರಿಪೂರ್ಣಳಾಗಿದ್ದರೆ ಮಾತ್ರ ಭವಿಷ್ಯದಲ್ಲಿ ಸ್ಥಾನವೆಂಬುದು ಬಹಿಷ್ಕಾರದ ಸೌಮ್ಯ ರೂಪವೇ ಸರಿ. ಎಡವಿ, ನಕ್ಕು, ನಗಿಸಿ, ಮತ್ತೆ ತನ್ನ ಕೆಲಸಕ್ಕೆ ಮರಳುವ ಮ್ಯಾರಿನರ್ ಆ ಷರತ್ತನ್ನು ಒಪ್ಪದೆಯೇ ನೌಕೆಯಲ್ಲಿ ಉಳಿಯುತ್ತಾಳೆ.